ಓಡಿಸಿ ಮಲಗಿಸಿದ ನಾಯಿ

ದಾವಣಗೆರೆಯ ಹೊರಗೆ, ಭದ್ರಾ ನಾಲೆಯ ಪಕ್ಕದಲ್ಲಿ, ಒಲೆ ಆರಿಹೋದ ಒಂದು ಮಂಡಕ್ಕಿ ಭಟ್ಟಿ ಇತ್ತು. ಅದರ ಅಂಗಳದಲ್ಲಿ ಚನ್ನವೀರಯ್ಯ ಎಂಬಾತ ದೊಡ್ಡ ನಾಯಿಗಳನ್ನು ಸಾಕುತ್ತಿದ್ದ. ಸಾಕುತ್ತಿದ್ದ ಎಂದರೆ ತನಗಾಗಿ ಅಲ್ಲ. ಯಾರೋ ಬಿಟ್ಟುಹೋದದ್ದನ್ನು ತಂದು, ಗಾಯಕ್ಕೆ ಮದ್ದು ಹಾಕಿ, ಮೈ ತುಂಬುವವರೆಗೆ ಉಣ್ಣಿಸಿ, ಆಮೇಲೆ ಒಂದು ಮನೆ ಹುಡುಕಿ ಕೊಡುತ್ತಿದ್ದ. ಸಣ್ಣ ನಾಯಿಗೆ ಮನೆ ಸಿಗುವುದು ಕಷ್ಟವಲ್ಲ. ದೊಡ್ಡದಕ್ಕೆ ಕಷ್ಟ. ಮರಿಯಾಗಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡವರೇ, ಅದು ಸೋಫಾದಷ್ಟು ಉದ್ದ ಬೆಳೆದಾಗ ಬೈಪಾಸಿನ ಬದಿಗೆ ಕಾರು ನಿಲ್ಲಿಸಿ, ಬಾಗಿಲು ತೆಗೆದು ಇಳಿಸಿ, ಹಿಂದೆ ನೋಡದೆ ಹೋಗುತ್ತಾರೆ. ಹಾಗೆ ಬಂದವು ಆ ಅಂಗಳದಲ್ಲಿ ಹಲವಿದ್ದವು. ಕಣ್ಣು ಮಸುಕಾದ ಒಂದು ರಾಟ್‌ವೀಲರ್, ಸೆಕೆ ತಾಳದೆ ನೀರಿನ ತೊಟ್ಟಿಯಲ್ಲೇ ಕೂರುವ ಒಂದು ಸೇಂಟ್ ಬರ್ನಾರ್ಡ್, ಕುಂಟುವ ಒಂದು ಮುಧೋಳ ಬೇಟೆನಾಯಿ.

ಚನ್ನವೀರಯ್ಯ ಮೊದಲು ಊರಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದವನು. ಸೀರೆ ಬಿಡಿಸಿ ತೋರಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಎಳೆ ಎದ್ದ ಜಾಗ ಒಳಮಡಿಕೆಗೆ ಹೋಗಬೇಕು, ಸೆರಗು ಗಿರಾಕಿಯ ಕಣ್ಣೆದುರು ಬೀಳಬೇಕು, ಹಾಗೆ ಒಂದೇ ಬೀಸಿಗೆ ಹರವುತ್ತಿದ್ದ. ಅಂಗಡಿ ಬಿಟ್ಟ. ಆ ಕೈಚಳಕ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಮಾತ್ರ ಜನ ಬಂದು ನಾಯಿ ನೋಡಬಹುದು ಎಂದು ಅವನು ನಿಯಮ ಮಾಡಿಕೊಂಡಿದ್ದ. ಊಟದ ಹೊತ್ತಾದರೆ ಗೇಟು ಮುಚ್ಚಿಬಿಡುತ್ತಿದ್ದ. ಎಷ್ಟು ಬೇಡಿಕೊಂಡರೂ ತೆರೆಯುತ್ತಿರಲಿಲ್ಲ. ಬಂದವರು ಇದನ್ನು ಶಿಸ್ತು ಎಂದುಕೊಂಡು ಮೆಚ್ಚುತ್ತಿದ್ದರು. ಅಸಲು ಸಂಗತಿ ಬೇರೆ. ಆ ದಿನ ಯಾವ ನಾಯಿಯನ್ನು ತೋರಿಸಬೇಕೋ ಅದರ ಹಗ್ಗವನ್ನು ಬೆಳಕು ಹರಿಯುತ್ತಿದ್ದಂತೆ ತನ್ನ ಮೊಪೆಡ್ಡಿಗೆ ಕಟ್ಟಿ, ನಾಲೆಯ ಏರಿಯ ಮೇಲೆ ಓಡಿಸುತ್ತಿದ್ದ. ನಾಲಿಗೆ ಜೋತುಬಿದ್ದು ಹಿಂಗಾಲು ತಡವರಿಸುವವರೆಗೆ ಓಡಿಸುತ್ತಿದ್ದ. ತಿರುಗಿ ಬಂದ ಮೇಲೆ ಹೊಟ್ಟೆ ಬಿರಿಯುವಷ್ಟು ಮೊಸರನ್ನ. ಜನ ಬರುವ ಹೊತ್ತಿಗೆ ನಾಯಿ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಮಕ್ಕಳು ಕಿವಿ ಎಳೆದರೂ ತಲೆ ಎತ್ತುತ್ತಿರಲಿಲ್ಲ. ಆ ದಣಿವು ಇಳಿಯುತ್ತಿದ್ದದ್ದು ಊಟದ ಹೊತ್ತು ಕಳೆದ ಮೇಲೆ.

“ಇಷ್ಟು ದೊಡ್ಡದು, ಎಷ್ಟು ಸಾಧು ನೋಡಿ,” ಎಂದು ಬಂದವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಚನ್ನವೀರಯ್ಯ ಸುಮ್ಮನೆ ನಗುತ್ತಿದ್ದ. ಬಾಯಿಬಿಟ್ಟು ಸುಳ್ಳು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ತಾನು ಸುಳ್ಳುಗಾರನಲ್ಲ ಎಂದು ಅವನು ನಂಬಿದ್ದು ಅದರಿಂದಲೇ. ಒಂದು ಮೂಕಪ್ರಾಣಿಗೆ ಸೂರು ಸಿಗಲಿ ಎಂದು ಮಾಡುವ ಕೆಲಸಕ್ಕೆ ದೋಷವೆಲ್ಲಿಯದು ಎಂದು ಕೇಳುತ್ತಿದ್ದ. ಕೇಳುತ್ತಿದ್ದದ್ದು ತನ್ನನ್ನೇ. ಒಳಗೆ ನೆಮ್ಮದಿ ಇರುವ ಮನುಷ್ಯ ಇಂಥ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಳ್ಳುವುದಿಲ್ಲ.

ನೆಮ್ಮದಿ ಅವನಿಗೆ ಇರಲೂ ಇಲ್ಲ. ನಾಯಿಯೊಂದನ್ನು ಕೊಟ್ಟು ಕಳಿಸಿದ ವಾರವೆಲ್ಲ ಅವನು ಕೂತಲ್ಲಿ ಕೂರುತ್ತಿರಲಿಲ್ಲ. ರಸ್ತೆಯಲ್ಲಿ ಆಟೋ ಸದ್ದಾದರೆ ಚಹದ ಲೋಟ ಕೆಳಗಿಟ್ಟು ಗೇಟಿನವರೆಗೆ ಹೋಗುತ್ತಿದ್ದ. ಆಟೋ ಮುಂದೆ ಹೋದರೆ ಬಂದು ಕೂರುತ್ತಿದ್ದ. ಇನ್ನೊಂದು ಸದ್ದಾದರೆ ಮತ್ತೆ ಏಳುತ್ತಿದ್ದ. ನಾಯಿಗಳಿಗೆ ನುಚ್ಚು ಬೇಯಿಸುತ್ತಿದ್ದ ಅವನ ಅಕ್ಕ ನೀಲಮ್ಮ ಒಲೆಯ ಮುಂದಿನಿಂದಲೇ ಅನ್ನುತ್ತಿದ್ದಳು:

“ಮಗಳನ್ನ ಗಂಡನ ಮನೆಗೆ ಕಳಿಸಿದೋರೂ ಇಷ್ಟು ಒದ್ದಾಡಲ್ಲ ಚನ್ನವೀರ. ಏನು ಮುಚ್ಚಿಟ್ಟು ಕಳಿಸೀಯ, ಅದನ್ನಾರ ಹೇಳು.”

ಮುಚ್ಚಿಟ್ಟದ್ದೇನು ಎಂಬುದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಮೊಪೆಡ್ಡಿನ ಸದ್ದು ಕೇಳಿ ಎದ್ದವಳೇ ಮೊಸರನ್ನ ಕಲಸುತ್ತಿದ್ದಳಲ್ಲ.

ಆ ಅಂಗಳಕ್ಕೆ ಮಲ್ಲ ಬಂದದ್ದು ಒಂದು ಚಳಿಗಾಲದಲ್ಲಿ. ಗ್ರೇಟ್ ಡೇನಿನ ಎತ್ತರ, ಕಂದು ಮೈ, ಎದೆಯ ಮೇಲೆ ಒಂದು ಬಿಳಿ ಮಚ್ಚೆ. ನಿಂತರೆ ನೀಲಮ್ಮನ ಸೊಂಟಕ್ಕೆ ಬರುತ್ತಿತ್ತು. ಬಾಡಿಗೆ ಮನೆ ಖಾಲಿ ಮಾಡಿಕೊಂಡು ಹೋದವರು ಅದನ್ನು ಬಚ್ಚಲಲ್ಲಿ ಕೂಡಿ, ಬೀಗ ಹಾಕಿ ಹೋಗಿದ್ದರು. ಮನೆಯ ಮಾಲೀಕ ಬಂದು ಬಾಗಿಲು ತೆಗೆಯುವ ಹೊತ್ತಿಗೆ ಅದರ ಕೂಗು ಕೂಡ ನಿಂತುಹೋಗಿತ್ತು. ಬದುಕಿತು. ಆದರೆ ಆವತ್ತಿನಿಂದ ಅದು ಮುಚ್ಚಿದ ಬಾಗಿಲನ್ನು ಸಹಿಸಲಿಲ್ಲ. ಮನುಷ್ಯರ ಜೊತೆಗಿದ್ದರೆ ಹಸುವಿನಂಥ ಪ್ರಾಣಿ. ಒಂಟಿಯಾಗಿ ಬಿಟ್ಟು ಬಾಗಿಲು ಎಳೆದುಕೊಂಡರೆ ಮುಗಿಯಿತು, ಉಗುರು ಕಿತ್ತು ಬರುವವರೆಗೆ ಕೆರೆಯುತ್ತಿತ್ತು, ತಲೆಯಿಂದ ಗುದ್ದುತ್ತಿತ್ತು, ಊಳಿಡುತ್ತಿತ್ತು. ಬಯಲಲ್ಲಿ ಬಿಟ್ಟರೂ ನಿಂತಲ್ಲಿ ನಿಲ್ಲದು. ಕಾಂಪೌಂಡಿನ ಉದ್ದಕ್ಕೂ ಹೋಗುವುದು, ತಿರುಗುವುದು, ಬರುವುದು. ಅದು ನಡೆದ ಜಾಗದಲ್ಲಿ ಹುಲ್ಲು ಸತ್ತು ಒಂದು ಕಾಲುದಾರಿಯೇ ಬಿದ್ದಿತ್ತು.

ಚನ್ನವೀರಯ್ಯ ಮಲ್ಲನನ್ನೂ ಏರಿಯ ಮೇಲೆ ಓಡಿಸಿದ. ಮಲ್ಲ ದೊಡ್ಡದು, ಆದ್ದರಿಂದ ಹೆಚ್ಚು ಓಡಿಸಿದ. ವಿದ್ಯಾನಗರದ ಒಬ್ಬ ಎಂಜಿನಿಯರ್ ನೋಡಿದ, ಮೆಚ್ಚಿದ, ಕರೆದುಕೊಂಡು ಹೋದ. ಮುಂದಿನ ಭಾನುವಾರ ಬರುವ ಮೊದಲೇ ಆಟೋದಲ್ಲಿ ತಂದು ಇಳಿಸಿದ. ಮಲ್ಲನ ಮೂತಿಯ ಮೇಲೆ ರಕ್ತ ಒಣಗಿತ್ತು.

“ನೀವು ತೋರಿಸಿದ್ದು ಒಂದು ನಾಯಿ, ಕೊಟ್ಟಿದ್ದು ಇನ್ನೊಂದು,” ಅಂದ ಎಂಜಿನಿಯರ್.

“ಅದೇ ನಾಯಿ ಸರ್. ನೀವು ಸರಿಯಾಗಿ ಓಡಾಡಿಸಿಲ್ಲ, ಅಷ್ಟೆ.”

“ನಮ್ಮ ಬೆಡ್‌ರೂಮ್ ಬಾಗಿಲಿಗೆ ಈಗ ಕೆಳಗಿನ ಅರ್ಧ ಇಲ್ಲ. ಬೇಕಾದ್ರೆ ಬಂದು ನೋಡಿ. ನನ್ನ ಹೆಂಡತಿ ಇನ್ನು ಈ ಜನ್ಮದಲ್ಲಿ ನಾಯಿ ಬೇಕು ಅನ್ನಲ್ಲ.”

ಆಟೋ ಹೊರಟಿತು. ಮಲ್ಲ ಗೇಟಿನವರೆಗೆ ಓಡಿ, ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಬಂದು ತನ್ನ ದಾರಿಯಲ್ಲಿ ನಡೆಯತೊಡಗಿತು. ಈ ಸಲ ಊಟಕ್ಕೂ ನಿಲ್ಲಲಿಲ್ಲ.

ಆಮೇಲೆ ಹರಿಹರದ ಕಡೆಯ ಡಾಕ್ಟರೊಬ್ಬರು ಒಯ್ದರು. ವಾಪಸ್ ಕೊಡುವಾಗ ಅವರು ತಾವು ಬರಲೂ ಇಲ್ಲ. ಡ್ರೈವರನ ಕೈಯಲ್ಲಿ ಟೆಂಪೋ ಹತ್ತಿಸಿ ಕಳಿಸಿದರು. ಹಗ್ಗದ ಜೊತೆ ಒಂದು ಮಾತೂ ಬರಲಿಲ್ಲ. ಮಲ್ಲನ ಮುಂಗಾಲಿನ ಎರಡು ಉಗುರು ಇರಲಿಲ್ಲ.

ನೀಲಮ್ಮ ಅರಿಶಿನ ಕಲಸಿ ತಂದು ಹಚ್ಚುತ್ತ ಕೂತಳು. ಹಚ್ಚುತ್ತಲೇ ಅಂದಳು: “ಅಂಗಡಿಗೆ ಸೀರೆ ವಾಪಸ್ ಬಂದ್ರೆ ಮಡಿಚಿ ಇಡ್ತಿದ್ದಿ. ಇದನ್ನ ಹೆಂಗ ಮಡಿಸ್ತಿ?”

“ನಾನೇನು ನನಗೋಸ್ಕರ ಮಾಡ್ತೀನಾ ಅಕ್ಕ?”

“ಉಗುರು ಹೋಗಿದ್ದು ನಿಂದಲ್ಲ.”

ಅವನು ಎದ್ದು ಹೋದ. ಒಯ್ದವರಿಗೆ ತಾಳ್ಮೆ ಇಲ್ಲ, ಈಗಿನ ಜನರೇ ಹೀಗೆ ಎಂದು ಗೊಣಗುತ್ತ, ಆಗಲೇ ತೊಳೆದಿದ್ದ ನೀರಿನ ತೊಟ್ಟಿಯನ್ನೇ ಮತ್ತೆ ತೊಳೆದ. ತೊಟ್ಟಿಯಲ್ಲಿ ಕೂತಿದ್ದ ಸೇಂಟ್ ಬರ್ನಾರ್ಡ್ ಅವನನ್ನು ಅಚ್ಚರಿಯಿಂದ ನೋಡಿತು.

ಆ ವರ್ಷ ಯುಗಾದಿಗೆ ಸ್ವಲ್ಪ ದಿನ ಇದೆ ಅನ್ನುವಾಗ ಭಟ್ಟಿಯ ಯಜಮಾನ ಕೊಟ್ರೇಶಪ್ಪ ಬಂದ. ಜಾಗ ಅವನದು. ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದ. ಕೆಟ್ಟ ಮನುಷ್ಯನಲ್ಲ.

“ಅಯ್ನೋರೆ, ಆ ದೊಡ್ಡದರ ಕೂಗಿಗೆ ಅಕ್ಕಪಕ್ಕದ ಭಟ್ಟಿಯೋರು ನನ್ನ ಮನೆ ಬಾಗಿಲಿಗೆ ಬರಾಕೆ ಹತ್ಯಾರ. ಹಬ್ಬದೊಳಗೆ ಅದು ಹೋಗಬೇಕು. ನಮ್ಮ ಬೀಗರ ಸಿಮೆಂಟ್ ಗೋದಾಮು ಐತಿ, ಅಲ್ಲಿ ಕಾವಲಿಗೆ ಕಟ್ಟಿಕೊಳ್ತೀವಿ ಅಂದಾರ.”

“ಕಟ್ಟಿದ್ರೆ ಅವನು ಸಾಯ್ತಾನೆ ಗೌಡ್ರೆ.”

“ಹಂಗಾರ ನೀವೇ ಒಂದು ಮನೆ ಹುಡುಕ್ರಿ. ಬ್ಯಾಡ ಅಂದೋರು ಯಾರು? ಅದೊಂದರ ದೆಸೆಯಿಂದ ಉಳಿದವನ್ನೂ ಎಬ್ಬಿಸೋ ಹಂಗ ಮಾಡಬ್ಯಾಡ್ರಿ.”

ಬೆದರಿಕೆಯಲ್ಲ, ಇದ್ದದ್ದನ್ನೇ ಹೇಳಿದ. ಮಲ್ಲನನ್ನು ಉಳಿಸಿಕೊಳ್ಳುತ್ತೇನೆಂದು ಹಟ ಹಿಡಿದರೆ ಕಣ್ಣು ಮಸುಕಾದದ್ದು, ಕುಂಟುವುದು ಎಲ್ಲವೂ ಬೀದಿಗೆ ಬೀಳುತ್ತವೆ. ಚನ್ನವೀರಯ್ಯನ ಎದುರು ಎರಡೇ ದಾರಿ ಉಳಿದವು. ಹಬ್ಬದೊಳಗೆ ಒಂದು ಮನೆ, ಇಲ್ಲವೇ ಗೋದಾಮಿನ ಸರಪಳಿ.

ಹಬ್ಬಕ್ಕೆ ಮುಂಚಿನ ಕೊನೆಯ ಭಾನುವಾರ ಒಂದು ಕುಟುಂಬ ಬರುವುದಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ಗುರುಪ್ರಸನ್ನ, ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ವೈದೇಹಿ, ಅವರ ಮಗಳು ಇಂಚರ. ಫೋನಿನಲ್ಲಿ ಮಾತಾಡಿದ್ದರಿಂದಲೇ ಚನ್ನವೀರಯ್ಯನಿಗೆ ಗೊತ್ತಾಗಿತ್ತು, ಇವರು ಒಯ್ಯುವವರು. ಆ ಬೆಳಿಗ್ಗೆ ಅವನು ಮೊಪೆಡ್ಡನ್ನು ಎಂದಿಗಿಂತ ದೂರ ಓಡಿಸಿದ. ಮಲ್ಲ ಒಂದು ಕಡೆ ನಿಂತುಬಿಟ್ಟಿತು. ಹಗ್ಗ ಎಳೆದ. ಮತ್ತೆ ಓಡಿತು. ಏರಿಗೆ ಆಗಷ್ಟೇ ಜಲ್ಲಿ ಹಾಕಿದ್ದರು. ಅದು ಅವನಿಗೆ ಕಂಡಿತ್ತು. ಹೊತ್ತು ಮೀರುತ್ತಿತ್ತು.

ಅವರು ಬಂದಾಗ ಮಲ್ಲ ಹುಣಸೆ ಮರದ ಕೆಳಗೆ ಹಾಸಿಗೆಯಂತೆ ಬಿದ್ದಿತ್ತು. ಕಣ್ಣು ಅರೆ ತೆರೆದಿತ್ತು, ಪಕ್ಕೆ ಏರಿಳಿಯುತ್ತಿತ್ತು. ಇಂಚರ ಹತ್ತಿರ ಹೋಗಿ ಕೂತಳು, ಆಮೇಲೆ ಅದರ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿಯೇಬಿಟ್ಟಳು. ವೈದೇಹಿ ಗಂಡನ ಕಡೆ ನೋಡಿದಳು. ಗುರುಪ್ರಸನ್ನ ಆಗಲೇ ಫೋಟೋ ತೆಗೆಯುತ್ತಿದ್ದ.

“ಒಂದೇ ವಿಷಯ ಕೇಳೋದಿತ್ತು ಸರ್,” ಅಂದಳು ವೈದೇಹಿ. “ನಾವಿಬ್ಬರೂ ಬೆಳಿಗ್ಗೆ ಹೊರಟರೆ ಬರೋದು ಸಂಜೆ. ಇವಳಿಗೂ ಸ್ಕೂಲು. ಮನೇಲಿ ಒಬ್ಬನೇ ಇರ್ತಾನೆ ಅಲ್ವಾ?”

ಚನ್ನವೀರಯ್ಯನ ನಾಲಿಗೆ ತಯಾರಾಗಿಯೇ ಇತ್ತು. ‘ನೀವೇ ನೋಡ್ತಿದ್ದೀರಲ್ಲ ಮೇಡಂ’ ಎಂದರೆ ಸಾಕು. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರುತ್ತಿರಲಿಲ್ಲ.

“ಅಂಕಲ್,” ಅಂದಳು ಇಂಚರ. ಅವಳು ಮಲ್ಲನ ಮುಂಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. “ಇವನ ಅಂಗಾಲಲ್ಲಿ ಚರ್ಮ ಇಲ್ಲ.”

ಎಲ್ಲರೂ ಬಗ್ಗಿ ನೋಡಿದರು. ಅಂಗಾಲು ಜಲ್ಲಿಗೆ ತರಚಿ ಹಸಿಹಸಿಯಾಗಿತ್ತು. ಮಲ್ಲ ಕಾಲನ್ನು ಹಿಂದಕ್ಕೆಳೆದುಕೊಳ್ಳುವಷ್ಟು ಶಕ್ತಿಯನ್ನೂ ತೋರಿಸಲಿಲ್ಲ.

“ಏನಾಯ್ತು ಅದಕ್ಕೆ?” ಕೇಳಿದ ಗುರುಪ್ರಸನ್ನ.

ಕಲ್ಲು ತಾಗಿದೆ ಎಂದರೆ ಆಗುತ್ತಿತ್ತು. ಕಲ್ಲೇ ತಾಗಿದ್ದು. ಚನ್ನವೀರಯ್ಯ ಆ ಕಾಲನ್ನೇ ನೋಡಿದ. ತಾನು ಮನೆ ಕೊಡಿಸುತ್ತೇನೆ ಎಂದುಕೊಂಡ ಜೀವವನ್ನು, ಮನೆ ಸಿಗಲಿ ಎಂಬ ಹೆಸರಿನಲ್ಲಿ, ತಾನೇ ಸುಲಿದಿದ್ದ. ಅದನ್ನು ಒಂದು ಮಗು ಕೈಯಲ್ಲಿ ಹಿಡಿದು ತೋರಿಸುತ್ತಿತ್ತು.

“ನಾನು ಮಾಡಿದ್ದು,” ಅಂದ. “ಬೆಳಿಗ್ಗೆ ಮೊಪೆಡ್ಡಿಗೆ ಕಟ್ಟಿ ಓಡಿಸಿದೆ. ನೀವು ಬಂದಾಗ ಸುಮ್ಮನೆ ಮಲಗಿರಲಿ ಅಂತ.”

ಇಂಚರ ಆ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟಳು.

“ಇವನು ಒಬ್ಬನೇ ಇರ್ತಾನಾ ಅಂತ ಕೇಳಿದ್ರಲ್ಲ ಮೇಡಂ, ಒಬ್ಬನೇ ಬಿಟ್ಟು ಬಾಗಿಲು ಹಾಕಿದರೆ ಏನಾಗುತ್ತೆ ಅನ್ನೋದನ್ನ ಹೇಳೋದಕ್ಕಿಂತ ನೋಡೋದೇ ಒಳ್ಳೇದು. ಮಧ್ಯಾಹ್ನದವರೆಗೆ ಇರಿ.”

ಆ ದಿನ ಮೊದಲ ಸಲ ಊಟದ ಹೊತ್ತು ಮೀರಿದರೂ ಗೇಟು ಮುಚ್ಚಲಿಲ್ಲ. ನೀಲಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟಳು. ಬಿಸಿಲು ಇಳಿಯತೊಡಗಿದಾಗ ಮಲ್ಲ ಎದ್ದಿತು. ಕುಂಟುತ್ತಲೇ ತನ್ನ ದಾರಿ ಹಿಡಿದು ನಡೆಯತೊಡಗಿತು, ಹೋಗುವುದು, ತಿರುಗುವುದು, ಬರುವುದು. ಇಂಚರ ಹಿಂದೆ ಹಿಂದೆ ನಡೆದು, ಸಾಕಾಗಿ, ಬಂದು ಅಮ್ಮನ ಪಕ್ಕ ಕೂತಳು. ಚನ್ನವೀರಯ್ಯ ಮಲ್ಲನನ್ನು ಹಳೆಯ ಮೂಟೆ ಕೋಣೆಗೆ ಕರೆದೊಯ್ದು, ಬಿಟ್ಟು, ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಬಾಗಿಲು ಅಲುಗಿತು. ಕೆರೆಯುವ ಸದ್ದು, ಗುದ್ದುವ ಸದ್ದು, ಅದರ ಮೇಲೆ ನಾಯಿಯದೆಂದು ನಂಬಲಾಗದ ಒಂದು ಕೂಗು. ಇಂಚರ ಎರಡೂ ಕಿವಿ ಮುಚ್ಚಿಕೊಂಡಳು. “ಸಾಕು, ತೆಗೀರಿ,” ಅಂದಳು ವೈದೇಹಿ. ಅವನು ಆಗಲೇ ತೆಗೆಯುತ್ತಿದ್ದ. ಮಲ್ಲ ಹೊರಗೆ ಬಂತು. ಬಾಯಲ್ಲಿ ನೊರೆ. ಅಲ್ಲಿದ್ದ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಮೂಸಿ, ಎಲ್ಲರೂ ಇದ್ದಾರೆಂದು ಖಚಿತ ಮಾಡಿಕೊಂಡು, ಮತ್ತೆ ನಡೆಯತೊಡಗಿತು.

“ನಮ್ಮ ಕೈಲಿ ಆಗಲ್ಲ ಸರ್,” ಅಂದಳು ವೈದೇಹಿ. ಅವಳ ಕಣ್ಣು ತುಂಬಿತ್ತು.

ಗುರುಪ್ರಸನ್ನನಿಗೆ ಸಿಟ್ಟು ಬಂದಿತ್ತು. “ಇದನ್ನ ಫೋನಲ್ಲೇ ಹೇಳಬಹುದಿತ್ತು. ಮಗುವಿಗೆ ಆಸೆ ಹುಟ್ಟಿಸಿದ ಮೇಲೆ ಹೇಳ್ತೀರಲ್ಲ.”

“ತಪ್ಪಾಯ್ತು,” ಅಂದ ಚನ್ನವೀರಯ್ಯ.

ಕಾರಿನ ಕಿಟಕಿಯಲ್ಲಿ ಅಳುತ್ತಿದ್ದ ಇಂಚರಳ ಮುಖ ದೂರವಾಯಿತು. ಈಗ ಅಕ್ಕ ತನ್ನನ್ನು ಮೆಚ್ಚಿಕೊಳ್ಳುತ್ತಾಳೆ ಎಂದು ಚನ್ನವೀರಯ್ಯ ಒಳಗೊಳಗೇ ಅಂದುಕೊಂಡಿದ್ದನೋ ಏನೋ, ಗೇಟಿನಿಂದ ತಿರುಗಿ ಅವಳನ್ನೇ ನೋಡಿದ.

“ನೋಡಬ್ಯಾಡ ನನ್ನ,” ಅಂದಳು ನೀಲಮ್ಮ. “ಮೊದಲನೇ ಸಲಕ್ಕೇ ಹೇಳೋದನ್ನ ಕೊನೇ ಸಲಕ್ಕೆ ಹೇಳಿದಿ. ಸತ್ಯ ನೀ ಹೇಳಿದಿ, ಸರಪಳಿ ಅವನ ಕೊರಳಿಗೆ ಬೀಳತೈತಿ.”

ಮಾತು ಕಠಿಣ. ಆದರೆ ತಪ್ಪಲ್ಲ.

ಗೋದಾಮಿನ ಕಡೆಯ ಮಾಲತೇಶ ಮರುದಿನವೇ ಬಂದ. ಸರಪಳಿಯ ಅಳತೆ ನೋಡಬೇಕಿತ್ತಂತೆ. ಮಲ್ಲನ ಸುತ್ತ ಒಂದು ಸುತ್ತು ಬಂದು, “ಕಚ್ಚತೈತೇನ್ರಿ?” ಎಂದು ಕೇಳಿದ.

ನೀಲಮ್ಮ ಒಲೆಯ ಹತ್ತಿರದಿಂದ ತಮ್ಮನಿಗೆ ಕಣ್ಸನ್ನೆ ಮಾಡಿದಳು. ‘ಕಂಡಕಂಡವರನ್ನ ಕಚ್ಚುತ್ತೆ, ಸಾಕಿದವನನ್ನೂ ಬಿಡಲ್ಲ ಅಂತ ಹೇಳು. ಹೆದರಿ ಹೋಗಲಿ’ ಎಂಬುದು ಅದರ ಅರ್ಥ. ಮಲ್ಲನನ್ನು ಉಳಿಸುವ ಒಂದೇ ಒಂದು ಸುಳ್ಳು. ಚನ್ನವೀರಯ್ಯ ಹಣೆಯ ಬೆವರು ಒರೆಸಿಕೊಂಡ. ಹೀಗೆ ಒಂದು ಒಳ್ಳೆಯ ಕಾರಣ ಪ್ರತಿ ಸಲವೂ ಇದ್ದೇ ಇತ್ತು ಎಂಬುದು ಅವನ ನೆನಪಿಗೆ ಬಂತು. ಎಂಜಿನಿಯರನಿಗೆ ಕೊಡುವಾಗಲೂ ಇತ್ತು, ಡಾಕ್ಟರಿಗೆ ಕೊಡುವಾಗಲೂ ಇತ್ತು.

“ಯಾರನ್ನೂ ಕಚ್ಚಲ್ಲ,” ಅಂದ. “ಆದರೆ ಒಂಟಿಯಾಗಿ ಕಟ್ಟಿದರೆ ಕೂಗಿ ಕೂಗಿ ತನ್ನನ್ನ ತಾನೇ ಹರಿದುಕೊಳ್ತಾನೆ. ಕಾವಲಿಗೆ ಇವನು ಪ್ರಯೋಜನವಿಲ್ಲ.”

“ಎರಡು ದಿನ ಕಟ್ಟಿದ್ರೆ ಎಲ್ಲಾ ಸರಿಹೋಗತೈತಿ ಬಿಡ್ರಿ,” ಅಂದ ಮಾಲತೇಶ, ಅಳತೆಯ ದಾರವನ್ನು ಜೇಬಿಗೆ ಹಾಕಿಕೊಳ್ಳುತ್ತ. “ಹಬ್ಬದ ಮರುದಿನದ ಕರಿ ಮುಗಿಸ್ಕೊಂಡು ಗಾಡಿ ತರ್ತೀನಿ.”

ಸತ್ಯ ಹೇಳಿದ ಕೂಡಲೇ ಆಕಾಶದಿಂದ ಹೂವು ಬೀಳುವುದಿಲ್ಲ. ಚನ್ನವೀರಯ್ಯನಿಗೆ ಆ ದಿನಗಳು ಉರಿಯ ಮೇಲೆ ಕೂತಂತಿದ್ದವು. ಮಲ್ಲ ಕಾಂಪೌಂಡಿನ ಉದ್ದಕ್ಕೆ ನಡೆದರೆ ಅವನು ಅಂಗಳದ ಅಗಲಕ್ಕೆ ನಡೆಯುತ್ತಿದ್ದ. ಪರಿಚಯದವರಿಗೆಲ್ಲ ಫೋನು ಮಾಡಿದ. ಈ ಸಲ ಮೊದಲು ಮಲ್ಲನ ಕೊರತೆ ಹೇಳುತ್ತಿದ್ದ, ಆಮೇಲೆ ಅದರ ಗುಣ. ಹೆಚ್ಚಿನವರು ಗುಣದವರೆಗೆ ಕೇಳಲೇ ಇಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗೇಟಿನ ಮುಂದೆ ಒಂದು ಲಗೇಜ್ ಆಟೋ ನಿಂತಿತು. ಹಿಂದುಗಡೆ ದಾಸವಾಳದ ಸಸಿಗಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಹೆಂಗಸು ಇಳಿದು, ಕೈಯ ಮಣ್ಣು ಒರೆಸಿಕೊಳ್ಳುತ್ತ ಒಳಗೆ ಬಂದಳು.

“ನಾಯಿ ತಗೊಳ್ಳಾಕೆ ಬಂದೋರಿಗೆ ಬ್ಯಾಡ ತಗೋಬ್ಯಾಡ್ರಿ ಅಂತ ಹೇಳಿ ಕಳಿಸಿದೋರು ನೀವೇ ಏನ್ರಿ?”

“ಯಾರು ಹೇಳಿದ್ರು ನಿಮಗೆ?”

“ಇನ್ಶೂರೆನ್ಸ್ ಮೇಡಮ್ಮೋರು. ನಮ್ಮ ನರ್ಸರಿಗೆ ಗುಲಾಬಿ ಒಯ್ಯಾಕೆ ಬರ್ತಾರ. ವ್ಯಾಪಾರ ಮಾಡೋನು ಹಿಂಗೂ ಹೇಳ್ತಾನಾ, ಅವನ್ನ ಒಂದು ಸಲ ನೋಡಾಣ ಅಂತ ಬಂದೆ. ನಾಯಿ ಆಮೇಲೆ.”

“ವ್ಯಾಪಾರ ಅಲ್ಲಮ್ಮ. ಸಾಕೋರಿಗೆ ಸುಮ್ಮನೆ ಕೊಡೋದು.”

“ಸುಮ್ಮನೆ ಕೊಡೋದರಲ್ಲೇ ಮೋಸ ಜಾಸ್ತಿ ಅಯ್ನೋರೆ. ಕೇಳಾಕೆ ಬಾಯಿರಲ್ಲ ನಮಗೆ,” ಅಂದಳು. ಒಲೆಯ ಹತ್ತಿರ ನೀಲಮ್ಮ ನಕ್ಕಳು.

ಅವಳ ಹೆಸರು ಹಾಲಮ್ಮ. ಬೈಪಾಸಿನ ಪಕ್ಕ ಗಂಡ ಹೆಂಡತಿ ಸಸಿ ಬೆಳೆಸುತ್ತಿದ್ದರು. ಗಂಡ ಆಟೋದಲ್ಲಿ ಸಸಿ ತುಂಬಿಕೊಂಡು ಊರೂರು ಹೋದರೆ, ಇವಳು ನರ್ಸರಿಯಲ್ಲೇ ಇರುತ್ತಿದ್ದಳು. ಬಿಡಾಡಿ ದನ ನುಗ್ಗಿ ಸಸಿ ಮೇಯುತ್ತವೆ, ಒಂದು ದೊಡ್ಡ ನಾಯಿ ಓಡಾಡಿಕೊಂಡಿದ್ದರೆ ಸಾಕು ಎಂದಳು.

ಚನ್ನವೀರಯ್ಯ ಕೂರಿಸಿ ಎಲ್ಲವನ್ನೂ ಹೇಳಿದ. ಬಾಗಿಲು ಮುರಿದದ್ದು, ಎರಡು ಮನೆಯಿಂದ ವಾಪಸ್ ಬಂದದ್ದು, ಕೂಗು, ಕಿತ್ತ ಉಗುರು, ತಾನು ಸುಲಿದ ಅಂಗಾಲು. “ನಿಂತಲ್ಲಿ ನಿಲ್ಲಲ್ಲ. ಬಾಲ ಬೀಸಿದರೆ ನಿಮ್ಮ ಕುಂಡ ಉಳಿಯಲ್ಲ. ಒಬ್ಬನೇ ಇರಲ್ಲ, ಒಂದು ಗಳಿಗೆ ಕೂಡ.”

ಹಾಲಮ್ಮ ಎಲ್ಲ ಕೇಳಿಸಿಕೊಂಡಳು.

“ನಮ್ಮಲ್ಲಿ ಬಾಗಿಲೇ ಇಲ್ಲವಲ್ರಿ,” ಅಂದಳು. “ಮ್ಯಾಲೆ ಹಸಿರು ಬಲೆ, ಸುತ್ತ ಗಿಡ. ನಾವು ಮಲಗೋದೂ ಅದರ ಕೆಳಗೇ. ದಾರಿಗೆ ಸಂಜೆ ಒಂದು ಹಗ್ಗ ಅಡ್ಡ ಕಟ್ತೀವಿ, ಅಷ್ಟೇ.”

“ನೀವು ಎಲ್ಲಾದರೂ ಹೋದರೆ?”

“ಎಲ್ಲಿಗೆ ಹೋಗಲಿ? ಗಿಡಕ್ಕೆ ನೀರು ಹಾಕೋದು ಬಿಟ್ಟು ತವರಿಗೆ ಹೋಗಿ ಯಾವ ಕಾಲ ಆತು ಕೇಳ್ರಿ. ಕುಂಡ ನಾಯಿ ಒಡೆಯೋಕಿಂತ ಗಿರಾಕಿ ಒಡೆಯೋದೇ ಜಾಸ್ತಿ. ನಾಯಿ ಆದ್ರೆ ಒಡೆದು ಅಲ್ಲೇ ಇರತೈತಿ, ಗಿರಾಕಿ ಸುಮ್ಮನೆ ಜಾಗ ಖಾಲಿ ಮಾಡ್ತಾನ.”

ಚನ್ನವೀರಯ್ಯ ಆಗಲೂ ಒಪ್ಪಲಿಲ್ಲ. ಅಂದು ಮಲ್ಲನನ್ನು ಓಡಿಸಿರಲಿಲ್ಲ, ಮೊಸರನ್ನ ಹಾಕಿರಲಿಲ್ಲ. ಇದ್ದ ಹಾಗೇ ನೋಡಲಿ ಎಂದು ಕರೆದ. ಮಲ್ಲ ನಡೆಯುವುದನ್ನು ಬಿಟ್ಟು ಬಂತು, ಹಾಲಮ್ಮನ ಮಣ್ಣಿನ ಕೈಯನ್ನು ಬಹಳ ಹೊತ್ತು ಮೂಸಿತು, ಆಮೇಲೆ ತನ್ನ ಇಡೀ ಭಾರವನ್ನು ಅವಳ ಮೇಲೆ ಹಾಕಿ ಒರಗಿತು. ಹಾಲಮ್ಮ ದೊಪ್ಪನೆ ನೆಲಕ್ಕೆ ಕೂತಳು. ಕೂತವಳು ಏಳಲು ಅವಸರ ಮಾಡಲಿಲ್ಲ.

“ಇದನ್ನೂ ಮೊದಲೇ ಹೇಳಬೇಕಿತ್ತು,” ಅಂದ ಚನ್ನವೀರಯ್ಯ.

“ಇದನ್ನ ನಾನೇ ನೋಡಿದ್ನಲ್ಲ ಬಿಡ್ರಿ.”

ದಾಸವಾಳದ ಸಸಿಗಳ ನಡುವೆ ಜಾಗ ಮಾಡಿ ಮಲ್ಲನನ್ನು ಹತ್ತಿಸಿದರು. ಹಾಲಮ್ಮ ಮುಂದೆ ಕೂರದೆ ಅದರ ಪಕ್ಕದಲ್ಲೇ ಹತ್ತಿ ಕೂತಳು. ಹಬ್ಬ ಮುಗಿಸಿ ಗಾಡಿ ತಂದ ಮಾಲತೇಶ ಖಾಲಿ ಸರಪಳಿ ಹಿಡಿದು ವಾಪಸ್ ಹೋದ. ಕೊಟ್ರೇಶಪ್ಪ ಬೇವು ಬೆಲ್ಲ ಕಳಿಸಿಕೊಟ್ಟ.

ಆದರೆ ಚನ್ನವೀರಯ್ಯನ ಕಾಲು ನಿಲ್ಲಲಿಲ್ಲ. ಹಳೆಯ ಚಾಳಿ. ರಸ್ತೆಯಲ್ಲಿ ಸದ್ದಾದರೆ ಲೋಟ ಕೆಳಗಿಡುತ್ತಿದ್ದ. ಎಲ್ಲ ಹೇಳಿದ್ದೇನೆ, ಏನೂ ಮುಚ್ಚಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡರೂ ಮೈ ಕೇಳುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಆ ಲಗೇಜ್ ಆಟೋ ಬಂದೇ ಬಂತು. ಗೇಟಿನ ಮುಂದೆ ನಿಂತಿತು. ಓಡಿಸುತ್ತಿದ್ದ ಹುಡುಗನ ಪಕ್ಕದಿಂದ ಹಾಲಮ್ಮ ಇಳಿದಳು. ಮುಖ ಗಂಟಿಕ್ಕಿತ್ತು. ಚನ್ನವೀರಯ್ಯ ಲೋಟ ಕೆಳಗಿಟ್ಟು ಗೇಟಿಗೆ ಬಂದ. ಆಟೋದ ಹಿಂದುಗಡೆ ನೋಡಿದ. ಖಾಲಿ ಇತ್ತು.

“ನಾಯಿ ಎಲ್ಲಿ?”

“ಮನೆಯೋರು ಅದಾರಲ್ಲ, ಅವರ ಹತ್ರ ಬಿಟ್ಟು ಬಂದೀನಿ. ನಿಮ್ಮ ಮ್ಯಾಲೆ ಒಂದು ದೂರು ಐತಿ ಅಯ್ನೋರೆ. ಎಲ್ಲಾ ಹೇಳಿದ್ರಿ, ಒಂದು ಹೇಳಲಿಲ್ಲ.”

“ಏನು?”

“ಗೊರಕೆ. ನಮ್ಮ ಮನೆಯೋರೇ ಸೋತು ಹೋಗ್ಯಾರ ಅವನ ಮುಂದ. ಮಧ್ಯಾಹ್ನ ಬಲೆ ಕೆಳಗೆ ನಾಲ್ಕು ಕಾಲು ಮ್ಯಾಲೆ ಮಾಡಿ ಮಲಗಿದ್ರೆ, ಬಂದ ಗಿರಾಕಿ ಒಳಗೆ ಮೋಟರ್ ಹಚ್ಚೀರೇನು ಅಂತ ಕೇಳ್ತಾರ.”

ಚನ್ನವೀರಯ್ಯ ಕಾಂಪೌಂಡಿನ ಉದ್ದಕ್ಕೂ ಬಿದ್ದಿದ್ದ ಆ ಕಾಲುದಾರಿಯ ಕಡೆ ನೋಡಿದ.

“ಅದು ನನಗೆ ಗೊತ್ತಿರಲಿಲ್ಲ ಕಣಮ್ಮ,” ಅಂದ. “ನನ್ನ ಹತ್ತಿರ ಅವನು ನಿದ್ದೆ ಮಾಡಿದ್ದೇ ಇಲ್ಲ.”

ನೀತಿ: ಒಳ್ಳೆಯ ಉದ್ದೇಶಕ್ಕಾಗಿ ಮರೆಮಾಚಿದರೂ ಅದು ಮೋಸವೇ, ಅದರ ಪೆಟ್ಟು ಮೊದಲು ಬೀಳುವುದು ನಾವು ಯಾರಿಗಾಗಿ ಮರೆಮಾಚಿದೆವೋ ಅವರ ಮೇಲೆಯೇ. ನಾಯಿಯಾಗಲಿ, ಮಗಳಾಗಲಿ, ಕೆಲಸಕ್ಕೆ ಸೇರಿಸುವ ಪರಿಚಯದವನಾಗಲಿ, ಯಾರನ್ನೇ ಒಂದು ಹೊಸ ಬಾಗಿಲಿಗೆ ಒಪ್ಪಿಸುವ ಮುನ್ನ ಅವರ ಕೊರತೆಯನ್ನು ಮೊದಲು ಹೇಳಿ. ಕೇಳಿದ ಹಲವರು ಎದ್ದು ಹೋಗುತ್ತಾರೆ, ಹೋಗಲಿ. ಕೇಳಿಯೂ ಕೈ ಚಾಚುವವರ ಮನೆಯಲ್ಲಿ ಮಾತ್ರ ಆ ಜೀವಕ್ಕೆ ನಿದ್ದೆ ಬರುತ್ತದೆ.